ನಟಿಯೊಬ್ಬರು ಕಟ್ಟಿದ ಮನೆ

ಸಂಜೆ ಸರಿಯಾಗಿ ಏಳೂವರೆ ಗಂಟೆ. ಬೆಂಗಳೂರಿನ ಜಯಪ್ರಕಾಶ ನಗರದ ಎರಡನೆಯ ಹಂತದಲ್ಲಿರುವ ರಂಗಶಂಕರದ ಬಾಗಿಲು ಮುಚ್ಚಿಕೊಳ್ಳುತ್ತದೆ. ಎರಡು ನಿಮಿಷ ತಡವಾಗಿ ಏದುಸಿರು ಬಿಡುತ್ತ ಬಂದವರು ಬನಶಂಕರಿಯ ವಾಹನಸಂದಣಿಯ ಕಥೆಯನ್ನು ಎಷ್ಟೇ ಮನಮುಟ್ಟುವಂತೆ ಹೇಳಲಿ, ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಬಂದವರು ದೊಡ್ಡ ಅಧಿಕಾರಿಗಳಾಗಿರಲಿ, ಮೊದಲೇ ಟಿಕೆಟ್ಟು ಕೊಂಡವರಾಗಿರಲಿ, ಎಲ್ಲರಿಗೂ ನಿಯಮ ಒಂದೇ. ಮದುವೆಯ ಊಟವೂ ಸಂಗೀತ ಕಚೇರಿಯೂ ಒಂದು ಗಂಟೆ ತಡವಾಗಿ ಆರಂಭವಾಗುವುದೇ ವಾಡಿಕೆಯಾಗಿರುವ ನಮ್ಮ ನಾಡಿನಲ್ಲಿ ಇಂತಹ ಕಟ್ಟುನಿಟ್ಟು ಹಲವರಿಗೆ ವಿಚಿತ್ರವೆನಿಸಬಹುದು. ಆದರೆ ಹೀಗೆ ಬಾಗಿಲು ಮುಚ್ಚಿಸಿದವರು ಯಾರು, ಅವರು ಈ ಬಾಗಿಲನ್ನು ಇಡುವುದಕ್ಕೆ ಎಷ್ಟು ವರ್ಷ ಕಾದರು ಎಂಬುದನ್ನು ತಿಳಿದವರಿಗೆ ಅದು ವಿಚಿತ್ರವೆನಿಸದು.

ಅವರೇ ಶ್ರೀಮತಿ ಅರುಂಧತಿ ನಾಗ್. ಚಿತ್ರರಸಿಕರು ಅವರನ್ನು "ಜೋಗಿ"ಯ ತಾಯಿಯೆಂದು ಬಲ್ಲರು. ಹಿಂದೀ ಚಿತ್ರಗಳನ್ನು ನೋಡುವವರು "ಪಾ" ಚಿತ್ರದ ಅಜ್ಜಿಯೆಂದು ಬಲ್ಲರು. ದೂರದರ್ಶನದ ಮುಂದೆ ಕುಳಿತು ಬೆಳೆದ ಒಂದು ತಲೆಮಾರು ಅವರ ಹೆಸರನ್ನು "ಮಾಲ್ಗುಡಿ ಡೇಸ್"ನೊಡನೆ ನೆನೆಯುತ್ತದೆ. ಆದರೆ ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ಅವರು ಮೊದಲು ಒಂದು ರಂಗಮಂದಿರದ ಒಡತಿ. ಒಡತಿ ಎನ್ನುವುದಕ್ಕಿಂತ ಆ ಮನೆಯ ಹಿರಿಯಳು ಎನ್ನುವುದೇ ಹೆಚ್ಚು ಸರಿ. ನಟಿಯಾದವಳು ಪಾತ್ರಗಳಿಂದ ಹೆಸರು ಗಳಿಸುವುದು ಲೋಕರೂಢಿ. ಇತರರ ಪಾತ್ರಗಳಿಗಾಗಿ ಒಂದು ಮನೆ ಕಟ್ಟಿ ಹೆಸರಾದವರು ವಿರಳ.

ನಾಲ್ಕು ಭಾಷೆಗಳ ಹುಡುಗಿ

ಅರುಂಧತಿ ರಾವ್ ಹುಟ್ಟಿದ್ದು 1956ರ ಜುಲೈ 6ರಂದು, ದೆಹಲಿಯಲ್ಲಿ. ಹತ್ತು ವರ್ಷದವಳಿರುವಾಗ ಕುಟುಂಬ ಮುಂಬಯಿಗೆ ಬಂದು ನೆಲೆಸಿತು. ಆ ಕಾಲದ ಮುಂಬಯಿ ಒಂದು ಊರಲ್ಲ, ಹಲವು ರಂಗಭೂಮಿಗಳ ಸಂತೆ. ಮರಾಠಿ ನಾಟಕ ಒಂದು ಕಡೆ, ಗುಜರಾತಿ ನಾಟಕ ಇನ್ನೊಂದು ಕಡೆ, ಹಿಂದೀ ನಾಟಕ ಮತ್ತೊಂದು ಕಡೆ. ಕಾಲೇಜಿನ ದಿನಗಳಲ್ಲಿಯೇ ಆಕೆ ಭಾರತೀಯ ಜನನಾಟ್ಯ ಸಂಘದ ಒಡನಾಟಕ್ಕೆ ಬಂದು, ಈ ಮೂರು ಭಾಷೆಗಳ ನಾಟಕಗಳಲ್ಲಿಯೂ ಪಾತ್ರ ವಹಿಸತೊಡಗಿದಳು.

ಹದಿನೇಳನೆಯ ವಯಸ್ಸಿನಲ್ಲಿ ಆಕೆಗೆ ಶಂಕರ್ ನಾಗರ ಪರಿಚಯವಾಯಿತು. ಉತ್ತರ ಕನ್ನಡದ ಹೊನ್ನಾವರದ ಸೀಮೆಯಿಂದ ಬಂದ ಈ ಯುವಕ ಮುಂಬಯಿಯ ಬ್ಯಾಂಕೊಂದರಲ್ಲಿ ಉದ್ಯೋಗದಲ್ಲಿದ್ದರು. ಸಂಜೆಯಾಯಿತೆಂದರೆ ಮರಾಠಿ ರಂಗಭೂಮಿಯೇ ಅವರ ಮನೆ. ಅಣ್ಣ ಅನಂತ ನಾಗ್ ಆಗಲೇ ನಟರಾಗಿ ಹೆಸರು ಮಾಡುತ್ತಿದ್ದರು. 1978ರಲ್ಲಿ ಗಿರೀಶ ಕಾರ್ನಾಡರು ತಮ್ಮ "ಒಂದಾನೊಂದು ಕಾಲದಲ್ಲಿ" ಚಿತ್ರಕ್ಕೆ ಶಂಕರರನ್ನು ಆರಿಸಿದರು. ಆ ಪಾತ್ರಕ್ಕೆ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರೆಂಬ ಮನ್ನಣೆ ದೊರೆಯಿತು. ಬ್ಯಾಂಕಿನ ಕುರ್ಚಿ ಹಿಂದೆ ಉಳಿಯಿತು. ಕನ್ನಡ ಚಿತ್ರರಂಗ ಕೈಬೀಸಿ ಕರೆಯಿತು.

ಆರು ವರ್ಷಗಳ ಸ್ನೇಹದ ಬಳಿಕ ಇಬ್ಬರೂ ವಿವಾಹವಾದರು. ಮರಾಠಿ, ಗುಜರಾತಿ, ಹಿಂದೀ ರಂಗಭೂಮಿಗಳಲ್ಲಿ ತನ್ನದೇ ಆದ ಸ್ಥಾನವನ್ನು ಪಡೆಯುತ್ತಿದ್ದ ನಟಿ ಎಲ್ಲವನ್ನೂ ಬಿಟ್ಟು ಬೆಂಗಳೂರಿನ ಸೊಸೆಯಾಗಿ ಬಂದಳು. ನಟಿಗೆ ಮಾತೇ ಬಂಡವಾಳ. ಆ ಬಂಡವಾಳವನ್ನು ಹಳೆಯ ಊರಿನಲ್ಲಿ ಬಿಟ್ಟು, ಹೊಸ ನುಡಿಯನ್ನು ಅಕ್ಷರಾಭ್ಯಾಸದಿಂದ ಆರಂಭಿಸುವುದೆಂದರೆ ಸಾಮಾನ್ಯ ಸಾಹಸವಲ್ಲ. ಆಕೆ ಅದನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಕನ್ನಡ ಅವರ ನಾಲ್ಕನೆಯ ರಂಗಭಾಷೆಯಾಯಿತು.

"ಸಂಕೇತ್"ನ ದಿನಗಳು

ಸಿನಿಮಾ ಶಂಕರ್ ನಾಗರ ಅನ್ನವಾದರೆ ನಾಟಕ ಅವರ ಉಸಿರು. ಬೆಂಗಳೂರಿಗೆ ಬಂದೊಡನೆಯೇ ಪತಿಪತ್ನಿಯರು ಗೆಳೆಯರೊಡಗೂಡಿ "ಸಂಕೇತ್" ಎಂಬ ತಂಡವನ್ನು ನಡೆಸತೊಡಗಿದರು. ಕಾರ್ನಾಡರ "ಅಂಜುಮಲ್ಲಿಗೆ", ಮಕ್ಕಳು ದೂರವಾದ ವೃದ್ಧ ದಂಪತಿಗಳ ಬಾಳನ್ನು ಕುರಿತು ಮರಾಠಿಯ ಜಯವಂತ ದಳವಿಯವರು ಬರೆದ "ಸಂಧ್ಯಾಛಾಯಾ", ಇಂಗ್ಲಿಷಿನ ಒಂದು ರೋಮಾಂಚಕ ನಾಟಕವನ್ನು ಲಾಲ್‌ಬಾಗಿನ ಬಳಿಯ ಮಾವಳ್ಳಿಗೆ ತಂದು ನಿಲ್ಲಿಸಿದ "27, ಮಾವಳ್ಳಿ ಸರ್ಕಲ್", ಕಾರ್ನಾಡರ "ನಾಗಮಂಡಲ" ಇವೇ ಮೊದಲಾದ ನಾಟಕಗಳಲ್ಲಿ ಅರುಂಧತಿಯವರು ಅಭಿನಯಿಸಿದರು. ಶಂಕರರ "ಆಕ್ಸಿಡೆಂಟ್" ಮುಂತಾದ ಚಿತ್ರಗಳಲ್ಲಿಯೂ ಕಾಣಿಸಿಕೊಂಡರು.

ಆಗ ನಾಟಕವಾಡುವವರ ಪಾಡು ಹೇಗಿತ್ತು? ಬೆಂಗಳೂರಿನಲ್ಲಿ ರಂಗಮಂದಿರಗಳಿರಲಿಲ್ಲವೆಂದಲ್ಲ. 1935ರ ಪುರಭವನವಿತ್ತು. ಟಾಗೂರರ ಸ್ಮರಣೆಗಾಗಿ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರವಿತ್ತು. 1980ರಲ್ಲಿ ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಎದ್ದಿತು. ಆದರೆ ಇವೆಲ್ಲವೂ ದೊಡ್ಡ ಸಭಾಂಗಣಗಳು. ಅಲ್ಲಿ ಇಂದು ನಾಟಕ, ನಾಳೆ ಸನ್ಮಾನ, ನಾಡಿದ್ದು ಶಾಲೆಯ ವಾರ್ಷಿಕೋತ್ಸವ. ಒಂದು ನಾಟಕ ಎರಡು ಪ್ರದರ್ಶನ ಕಂಡಿತೆಂದರೆ ಅದೇ ಭಾಗ್ಯ. ಪಾತ್ರ ನಟನಲ್ಲಿ ಹದಗೊಳ್ಳುವ ಹೊತ್ತಿಗೆ ನಾಟಕ ಮುಗಿದುಹೋಗುತ್ತಿತ್ತು. ಮುಂಬಯಿಯ ಜುಹುವಿನಲ್ಲಿ ಶಶಿ ಕಪೂರ್, ಜೆನಿಫರ್ ದಂಪತಿಗಳು 1978ರಲ್ಲಿ ತೆರೆದ ಪೃಥ್ವಿ ಥಿಯೇಟರಿನಂತೆ ನಾಟಕಕ್ಕೇ ಮೀಸಲಾದ, ದಿನವೂ ದೀಪ ಬೆಳಗುವ, ಚಿಕ್ಕದಾದ ಚೊಕ್ಕದಾದ ಒಂದು ಮಂದಿರ ಬೆಂಗಳೂರಿಗೂ ಬೇಕು. ಇದು ಶಂಕರ್ ನಾಗರು ಕಂಡ ಕನಸು. ಕನಸು ಇಬ್ಬರದಾಗಿತ್ತು.

ಮಾಲ್ಗುಡಿಯ ಸಂಜೆಗಳು

ಅಷ್ಟರಲ್ಲಿ ಮನೆಮನೆಗೆ ದೂರದರ್ಶನ ಬಂದಿತು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿದ "ಮಾಲ್ಗುಡಿ ಡೇಸ್" ಮಾಲಿಕೆಯನ್ನು ಶಂಕರ್ ನಾಗರು ನಿರ್ದೇಶಿಸಿದರು. ನಿರ್ಮಾಪಕರು ಟಿ. ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್ ಅವರದು; ಆರಂಭದ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣರವು. ಎಲ್ಲಿಯೂ ಇಲ್ಲದ ಮಾಲ್ಗುಡಿಗೆ ಮಲೆನಾಡಿನ ಆಗುಂಬೆ ನೆಲವಾಯಿತು. ಕನ್ನಡ ರಂಗಭೂಮಿಯ ಹಲವು ಮುಖಗಳು ಇಡೀ ಭಾರತಕ್ಕೆ ಪರಿಚಿತವಾದವು. ಆ ಕೆಲಸದಲ್ಲಿ ಅರುಂಧತಿಯವರೂ ಭಾಗಿಗಳಾಗಿದ್ದರು.

ಒಂದು ರಾತ್ರಿಯ ನಾಟಕವನ್ನು ಮುನ್ನೂರು ಜನ ನೋಡಿದರೆ ಒಂದು ಸಂಜೆಯ ಮಾಲಿಕೆಯನ್ನು ದೇಶವೇ ನೋಡುತ್ತದೆ. ಅಂತಹ ಜನಪ್ರಿಯತೆಯ ರುಚಿ ಕಂಡ ಮೇಲೆ ನಾಟಕವನ್ನು ಮರೆತ ಕಲಾವಿದರ ಸಂಖ್ಯೆ ಕಡಿಮೆಯದೇನಲ್ಲ. ಈ ದಂಪತಿಗಳು ಮರೆಯಲಿಲ್ಲ. ಚಿತ್ರೀಕರಣ ಮುಗಿಸಿ ಬಂದವರು ಮತ್ತೆ ತಾಲೀಮಿನ ಕೋಣೆಗೇ ಹೋಗುತ್ತಿದ್ದರು.

ಆನಗೋಡಿನ ಮುಂಜಾವು

1990ರ ಸೆಪ್ಟೆಂಬರ್ 30. ಚಿತ್ರೀಕರಣಕ್ಕೆಂದು ಉತ್ತರ ಕರ್ನಾಟಕದತ್ತ ಹೊರಟಿದ್ದ ಶಂಕರ್ ನಾಗರ ಕಾರು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಮೂವತ್ತಾರು ವರ್ಷ ತುಂಬುವುದಕ್ಕೆ ಇನ್ನೂ ನಲವತ್ತು ದಿನ ಉಳಿದಿದ್ದ ಶಂಕರರು ಇಲ್ಲವಾದರು. ಅದೇ ಕಾರಿನಲ್ಲಿದ್ದ ಅರುಂಧತಿ ತೀವ್ರವಾಗಿ ಗಾಯಗೊಂಡರು. ಪುಟ್ಟ ಮಗಳೂ ಜೊತೆಗಿದ್ದಳು; ಬದುಕಿ ಉಳಿದಳು.

ನಾಡಿಗೆ ನಾಡೇ ಕಣ್ಣೀರಿಟ್ಟಿತು. ಬೆಂಗಳೂರಿನ ಆಟೋರಿಕ್ಷಾಗಳ ಮೇಲೆ ಶಂಕರರ ಚಿತ್ರ ಅಂದಿನಿಂದ ಇಂದಿನವರೆಗೂ ಅಳಿಸಿಲ್ಲ. ಆದರೆ ನಾಡಿನ ದುಃಖಕ್ಕೆ ಮೆರವಣಿಗೆಯುಂಟು, ಮಾಲೆಯುಂಟು. ಮನೆಯ ದುಃಖಕ್ಕೆ ಗೋಡೆಗಳಷ್ಟೇ ಸಾಕ್ಷಿ. ಮೂವತ್ತನಾಲ್ಕರ ವಯಸ್ಸಿನಲ್ಲಿ ವಿಧವೆಯಾಗಿ, ಹಾಸಿಗೆ ಹಿಡಿದು, ಎಳೆಯ ಮಗುವನ್ನು ಬೆಳೆಸಬೇಕಾದ ಹೆಣ್ಣಿನ ಮುಂದೆ ಎರಡು ದಾರಿಗಳಿದ್ದವು. ಹುಟ್ಟಿ ಬೆಳೆದ ಭಾಷೆಗಳ ಊರಿಗೆ ಹಿಂದಿರುಗುವುದು ಒಂದು. ಗಂಡನ ಕೈಹಿಡಿದು ಬಂದ ಊರಿನಲ್ಲಿಯೇ ಉಳಿಯುವುದು ಇನ್ನೊಂದು. ಮರಳಿ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಉಳಿದರು. ಕಾಲಿಗೆ ಬಲ ಬಂದಂತೆ ಮೊದಲು ಹಿಡಿದ ದಾರಿ, ಅರ್ಧದಲ್ಲಿಯೇ ನಿಂತಿದ್ದ ಆ ಕನಸಿನದು.

ಹನ್ನೆರಡು ವರ್ಷಗಳ ತಾಲೀಮು

1992ರಲ್ಲಿ "ಸಂಕೇತ್ ಟ್ರಸ್ಟ್" ಸ್ಥಾಪನೆಯಾಯಿತು. ಗಿರೀಶ ಕಾರ್ನಾಡರಂತಹ ಹಿರಿಯರು ಬೆನ್ನಿಗೆ ನಿಂತರು. ಜಯಪ್ರಕಾಶ ನಗರದಲ್ಲಿ 1994ರಲ್ಲಿ ನಿವೇಶನ ದೊರೆಯಿತು. ನಿವೇಶನ ದೊರೆತೊಡನೆ ಕಟ್ಟಡ ಏಳುವುದಿಲ್ಲವೆಂಬುದು ಜಯನಗರ, ಬನಶಂಕರಿಗಳಲ್ಲಿ ಮನೆ ಕಟ್ಟಿಸಿದ ಯಾವ ಗೃಹಸ್ಥನಿಗೂ ತಿಳಿದ ವಿಷಯವೇ. ಇದೋ, ಲಾಭವಿಲ್ಲದ ಕಟ್ಟಡ. ಬಾಡಿಗೆಯ ಆಸೆಗೆ ಯಾರೂ ಹಣ ಹಾಕುವಂತಿಲ್ಲ. ನಟಿಯಾದವರು ಕಡತಗಳನ್ನು ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿಳಿದರು. ಸರ್ಕಾರವನ್ನು ಕೇಳಿದರು, ಸಂಸ್ಥೆಗಳನ್ನು ಕೇಳಿದರು, ಸ್ನೇಹಿತರನ್ನು ಕೇಳಿದರು. ರಂಗದ ಮೇಲೆ ಕೈಚಾಚುವುದು ಅಭಿನಯ. ರಂಗಕ್ಕಾಗಿ ಕೈಚಾಚುವುದು ತಪಸ್ಸು.

ಕಟ್ಟಡದ ಕೆಲಸ ಆರಂಭವಾದದ್ದು 2001ರಲ್ಲಿ. ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿಯವರ ವಿನ್ಯಾಸದಂತೆ ಮಂದಿರ ಎದ್ದಿತು. ಅದರ ವಿಶೇಷವಿರುವುದು ವೇದಿಕೆಯಲ್ಲಿ. ಎತ್ತರದ ಚೌಕಟ್ಟಿನೊಳಗೆ ದೂರದಲ್ಲಿ ನಿಲ್ಲುವ ಬದಲು ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಸುಮಾರು 320 ಆಸನಗಳು ಅದನ್ನು ಬಳಸಿಕೊಂಡಿವೆ. ಕೊನೆಯ ಸಾಲಿನಲ್ಲಿ ಕುಳಿತವರಿಗೂ ನಟನ ಹುಬ್ಬಿನ ಚಲನೆ ಕಾಣುತ್ತದೆ, ಪಿಸುಮಾತೂ ಕೇಳುತ್ತದೆ.

2004ರ ಅಕ್ಟೋಬರ್ 28ರಂದು ರಂಗಶಂಕರ ತೆರೆಯಿತು. ಟ್ರಸ್ಟ್ ಸ್ಥಾಪನೆಯಾಗಿ ಹನ್ನೆರಡು ವರ್ಷ. ಶಂಕರರು ಅಗಲಿ ಹದಿನಾಲ್ಕು ವರ್ಷ.

ಹುಲಿಯವ್ವನ ಬಂಡಿ

ಇಲ್ಲಿ ದೂರದ ಜರ್ಮನಿಯ ಒಂದು ಪ್ರಸಂಗವನ್ನು ಸ್ಮರಿಸುವುದು ಉಚಿತ. ನಾಟಕಕಾರ ಬ್ರೆಕ್ಟ್ 1939ರಲ್ಲಿ "ಮದರ್ ಕರೇಜ್" ಎಂಬ ನಾಟಕವನ್ನು ಬರೆದರು. ಯುದ್ಧಭೂಮಿಯಲ್ಲಿ ಬಂಡಿ ಎಳೆಯುತ್ತ ಸರಕು ಮಾರಿ ಬದುಕುವ ತಾಯಿಯೊಬ್ಬಳು ತನ್ನ ಮೂವರು ಮಕ್ಕಳನ್ನೂ ಆ ಯುದ್ಧಕ್ಕೇ ಬಲಿಗೊಡುತ್ತಾಳೆ. ಕೊನೆಗೆ ಒಂಟಿಯಾಗಿ ಬಂಡಿಯ ನೊಗಕ್ಕೆ ಹೆಗಲು ಕೊಟ್ಟು ಮುಂದೆ ಸಾಗುತ್ತಾಳೆ. 1949ರಲ್ಲಿ, ಯುದ್ಧದಿಂದ ಹಾಳಾಗಿದ್ದ ಬರ್ಲಿನ್ ನಗರದಲ್ಲಿ, ಈ ಪಾತ್ರವನ್ನು ಬ್ರೆಕ್ಟರ ಪತ್ನಿ ಹೆಲೆನ್ ವೈಗೆಲ್ ಅಭಿನಯಿಸಿದರು. ಅದೇ ವರ್ಷ ಇಬ್ಬರೂ ಕೂಡಿ "ಬರ್ಲಿನರ್ ಆನ್ಸಾಂಬಲ್" ಎಂಬ ರಂಗಸಂಸ್ಥೆಯನ್ನು ಹುಟ್ಟುಹಾಕಿದರು. ಅದರ ಆಡಳಿತದ ಹೊಣೆ ವೈಗೆಲ್ ಅವರದಾಯಿತು. 1956ರಲ್ಲಿ ಬ್ರೆಕ್ಟ್ ತೀರಿಕೊಂಡರು. ನಟಿ ಸಂಸ್ಥೆಯನ್ನು ಮುಚ್ಚಲಿಲ್ಲ. 1971ರಲ್ಲಿ ತಾವು ಕಣ್ಮುಚ್ಚುವವರೆಗೂ, ಹದಿನೈದು ವರ್ಷಗಳ ಕಾಲ, ಅದನ್ನು ನಡೆಸಿದರು.

ಇದೇ ತಾಯಿ ಕನ್ನಡಕ್ಕೆ "ಹುಲಗೂರು ಹುಲಿಯವ್ವ"ಳಾಗಿ ಬಂದಳು. ಆ ಪಾತ್ರವನ್ನು ವಹಿಸಿದವರು ಅರುಂಧತಿ ನಾಗ್. ಒಂದೇ ಪಾತ್ರವನ್ನು ಆಡಿದ ಎರಡು ನಾಡುಗಳ ಇಬ್ಬರು ನಟಿಯರು, ಬಾಳಿನಲ್ಲಿಯೂ ಒಂದೇ ಬಗೆಯ ಹೊರೆಯನ್ನು ಹೊತ್ತರು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ವೈಗೆಲ್ ಅವರಿಗೆ ಗಂಡನ ಕಾಲದಲ್ಲಿಯೇ ಸಂಸ್ಥೆಯಿತ್ತು, ಮಂದಿರವಿತ್ತು, ರಾಜ್ಯದ ನೆರವಿತ್ತು. ಅರುಂಧತಿಯವರ ಪಾಲಿಗೆ ಉಳಿದಿದ್ದುದು ಒಂದು ಮಾತು ಮಾತ್ರ.

ಪರದೆಯ ಮುಖ, ರಂಗದ ಮುಖ

ಮಂದಿರ ತೆರೆದ ಮರುವರ್ಷ, 2005ರಲ್ಲಿ, ಕಾರ್ನಾಡರ "ಒಡಕಲು ಬಿಂಬ" ರಂಗಶಂಕರದಲ್ಲಿ ಬೆಳಕು ಕಂಡಿತು. ಕಾರ್ನಾಡರೊಡನೆ ಕೆ. ಎಂ. ಚೈತನ್ಯ ಅದನ್ನು ನಿರ್ದೇಶಿಸಿದರು. ರಂಗದ ಮೇಲೆ ಒಬ್ಬಳೇ ನಟಿ. ಮಂಜುಳಾ ನಾಯಕ್ ಎಂಬ ಕನ್ನಡದ ಲೇಖಕಿ ಇಂಗ್ಲಿಷಿನ ಒಂದು ಕಾದಂಬರಿಯಿಂದ ಲೋಕಪ್ರಸಿದ್ಧಳಾಗಿ, ಟೆಲಿವಿಷನ್ ಕೇಂದ್ರವೊಂದಕ್ಕೆ ಬಂದು ಭಾಷಣ ಮಾಡುತ್ತಾಳೆ. ಭಾಷಣ ಮುಗಿಯುತ್ತದೆ. ಆದರೆ ಪರದೆಯ ಮೇಲಿನ ಅವಳ ಬಿಂಬ ಮರೆಯಾಗುವುದಿಲ್ಲ! ಅದು ಅವಳನ್ನೇ ದಿಟ್ಟಿಸಿ ನೋಡಿ ಪ್ರಶ್ನೆ ಕೇಳತೊಡಗುತ್ತದೆ. ಅಂಗವಿಕಲಳಾಗಿದ್ದ ತಂಗಿಯ ಮಾತು, ಗಂಡನ ಮಾತು, ಆ ಕಾದಂಬರಿಯ ಮಾತು ಒಂದೊಂದಾಗಿ ಹೊರಬರುತ್ತವೆ. ಸಿಂಗರಿಸಿಕೊಂಡ ಮುಖದ ಹಿಂದಿನ ಮುಖ ಬಯಲಾಗುತ್ತದೆ.

ಕನ್ನಡದಲ್ಲಿ ಈ ಪಾತ್ರವನ್ನು ಅಭಿನಯಿಸಿದವರೂ ಅರುಂಧತಿಯವರೇ. ಮುಂದೆ ಹಿಂದಿಯಲ್ಲಿಯೂ ಅಭಿನಯಿಸಿದರು. ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದು. ಎದುರಿನ ನಟ ಮಾತು ಮರೆತರೆ ಸಾವರಿಸಿಕೊಳ್ಳಬಹುದು, ತಡವರಿಸಿದರೆ ಕಾಯಬಹುದು. ಬಿಂಬ ಕಾಯುವುದಿಲ್ಲ. ಒಂದು ಕ್ಷಣ ಹಿಂದುಳಿದರೆ ಸಂಭಾಷಣೆಯ ಸೂತ್ರವೇ ಹರಿಯುತ್ತದೆ. ಪರದೆಯಲ್ಲಿಯೂ ರಂಗದಲ್ಲಿಯೂ ಪಳಗಿದ ನಟಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು.

ಅದೇ 2005ರಲ್ಲಿ ಪ್ರೇಮ್ ನಿರ್ದೇಶನದ "ಜೋಗಿ" ಬಂದಿತು. ಮಗನನ್ನು ಅರಸಿ ಹಳ್ಳಿಯಿಂದ ಬೆಂಗಳೂರಿಗೆ ಬಂದ ತಾಯಿ ಬೀದಿಬೀದಿ ಅಲೆಯುತ್ತಾಳೆ. ಕೂಗಳತೆಯಲ್ಲಿ ಮಗನಿದ್ದರೂ ಇಬ್ಬರ ಭೇಟಿಯಾಗುವುದಿಲ್ಲ. ಕೊನೆಗೆ ಯಾರದೋ ಶವಯಾತ್ರೆಯೆಂದು ತಿಳಿದು ಮಗ ಕುಣಿಯುತ್ತಾನೆ. ಅದು ತನ್ನ ತಾಯಿಯದೇ ಎಂದು ಅವನಿಗೆ ತಿಳಿಯದು. ಶಿವರಾಜಕುಮಾರರು ಮಗನಾದ ಆ ಚಿತ್ರವನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡ ಗೃಹಿಣಿಯರಲ್ಲಿ, ಈ ಹಳ್ಳಿಯ ತಾಯಿ ದೆಹಲಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದು ಮದುವೆಯಾದ ಮೇಲೆ ಕನ್ನಡ ಕಲಿತವರೆಂದು ಎಷ್ಟು ಜನ ಊಹಿಸಿದ್ದರು? ಬಿಟ್ಟುಬಂದ ಮೂರು ಭಾಷೆಗಳ ಬದಲಿಗೆ ಕನ್ನಡ ನಾಡು ಆಕೆಗೆ ಕೊಟ್ಟದ್ದು ಬಹುಶಃ ಈ ತಾಯಿಯ ಸ್ಥಾನ.

ಮನ್ನಣೆಗಳೂ ಒಂದರ ಹಿಂದೊಂದು ಬಂದವು. 2008ರ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಬಾಲ್ಕಿಯವರ "ಪಾ" (2009) ಚಿತ್ರದ ಅಭಿನಯಕ್ಕಾಗಿ ಶ್ರೇಷ್ಠ ಪೋಷಕ ನಟಿ ರಾಷ್ಟ್ರಪ್ರಶಸ್ತಿ, 2010ರಲ್ಲಿ ಪದ್ಮಶ್ರೀ. ಆ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರು ಮೊಮ್ಮಗ, ಅವರಿಗಿಂತ ಹದಿನಾಲ್ಕು ವರ್ಷ ಕಿರಿಯರಾದ ಅರುಂಧತಿಯವರು ಅಜ್ಜಿ! ಅಭಿನಯವೆಂಬುದು ಎಂತಹ ವಿನೋದ!

ದಿನಕ್ಕೊಂದು ನಾಟಕ

ರಂಗಶಂಕರದ ಧ್ಯೇಯ ಸರಳವಾದದ್ದು: ದಿನಕ್ಕೊಂದು ನಾಟಕ. ಸೋಮವಾರ ಮಾತ್ರ ಬಿಡುವು. ಬಾಡಿಗೆಯನ್ನು ಕಡಿಮೆಯಾಗಿರಿಸಿದ್ದರಿಂದ ಹೊಸಬರ ತಂಡಗಳೂ ಧೈರ್ಯ ತಾಳಿ ಬರುತ್ತವೆ. ಕನ್ನಡವಲ್ಲದೆ ಇತರ ಭಾಷೆಗಳ ನಾಟಕಗಳೂ ನಡೆಯುತ್ತವೆ. "ಆಹಾ!" ಎಂಬ ಯೋಜನೆ ಮಕ್ಕಳ ನಾಟಕಕ್ಕೇ ಮೀಸಲು. ಇದರ ನಂಟಿನಿಂದ ಜರ್ಮನಿಯ ಮಾನ್‌ಹೈಮ್ ನಗರದ "ಶ್ನಾವ್ಲ್" ಎಂಬ ಬಾಲರಂಗಮಂದಿರದೊಡನೆ ಗೆಳೆತನ ಬೆಳೆಯಿತು. 2011ರಲ್ಲಿ ಎರಡೂ ಸಂಸ್ಥೆಗಳು ಕೂಡಿ, ಯುದ್ಧದಿಂದ ಮನೆ ಕಳೆದುಕೊಂಡು ಪೆಟ್ಟಿಗೆಯೊಂದಿಗೆ ದೇಶಾಂತರ ಹೊರಟ ಬಾಲಕನ ಕಥೆಯನ್ನು ನಾಟಕವಾಗಿಸಿದವು. ಹುಲಿಯವ್ವನ ಬಂಡಿ ಬಂದ ದಾರಿಯಲ್ಲಿಯೇ ಜಯಪ್ರಕಾಶ ನಗರದ ನಾಟಕವೊಂದು ಜರ್ಮನಿಗೆ ಮರುಪಯಣ ಮಾಡಿದಂತಾಯಿತು.

ನಾಟಕಕ್ಕೆ ಮುನ್ನ ಅಲ್ಲಿನ ಕೆಫೆಯಲ್ಲಿ ಅಕ್ಕಿರೊಟ್ಟಿಯನ್ನೋ ಸಬ್ಬಕ್ಕಿ ವಡೆಯನ್ನೋ ಸವಿಯುತ್ತ, ಬಿಸಿ ಕಾಫಿಯ ಲೋಟ ಹಿಡಿದು ನಿಂತವರ ಗುಂಪನ್ನು ನೋಡಬೇಕು. ಕಾಲೇಜಿನ ತರುಣರು, ನಿವೃತ್ತ ಅಧ್ಯಾಪಕರು, ಜಯನಗರದ ಅತ್ತೆಯೊಡನೆ ಬಂದ ಸೊಸೆ, ಅಪ್ಪನ ಕೈಹಿಡಿದ ಮಗು. ಮೊದಲು ನಾಟಕವೆಂದರೆ ನಗರದ ನಡುವಿಗೆ ಪ್ರಯಾಣ ಮಾಡಬೇಕಾಗಿದ್ದ ಈ ಬಡಾವಣೆಗಳ ಸಂಸಾರಗಳಿಗೆ ಈಗ ನಾಟಕವೂ ತರಕಾರಿ ಅಂಗಡಿಯಂತೆ, ದೇವಸ್ಥಾನದಂತೆ, ನೆರೆಹೊರೆಯದಾಗಿದೆ. 2020ರಲ್ಲಿ ಮಹಾಮಾರಿಯ ಕಾರಣ ಎಲ್ಲ ರಂಗಮಂದಿರಗಳಂತೆ ಇದೂ ಕತ್ತಲಾದಾಗ, ಈ ಬೆಳಕು ಎಷ್ಟು ಅಭ್ಯಾಸವಾಗಿತ್ತೆಂಬುದು ಹಲವರಿಗೆ ಅರಿವಾಯಿತು. ದೀಪ ಮತ್ತೆ ಹತ್ತಿತು.

ನಾಟಕಕ್ಕೆ ಒಂದು ಗುಣವುಂಟು. ಚಿತ್ರವನ್ನು ಪೆಟ್ಟಿಗೆಯಲ್ಲಿಟ್ಟು ಮತ್ತೆ ತೋರಿಸಬಹುದು; ಶಂಕರರ ಸ್ವಾಮಿಯೂ ಮಾಲ್ಗುಡಿಯೂ ಇಂದಿಗೂ ಹಾಗೆಯೇ ಉಳಿದಿವೆ. ನಾಟಕವಾದರೋ ಆ ಸಂಜೆಗೆ ಹುಟ್ಟಿ ಆ ಸಂಜೆಗೇ ಮುಗಿಯುತ್ತದೆ. ಕಳೆದುಹೋದ ಕ್ಷಣ ಮತ್ತೆ ಬಾರದು. ಇದನ್ನು ಅರುಂಧತಿಯವರು ರಂಗದಿಂದಲೂ ಕಲಿತರು, ಬಾಳಿನಿಂದಲೂ ಕಲಿತರು. ಗಂಡನ ನೆನಪಿಗೆ ಅವರು ಕಲ್ಲಿನ ಪ್ರತಿಮೆ ನಿಲ್ಲಿಸಬಹುದಾಗಿತ್ತು. ಅದಕ್ಕೆ ವರ್ಷಕ್ಕೊಮ್ಮೆ ಮಾಲೆ ಬೀಳುತ್ತಿತ್ತು. ಅವರು ಕಟ್ಟಿದ್ದು ದಿನವೂ ಹೊಸ ಮಾತು ಕೇಳುವ ಒಂದು ಮನೆಯನ್ನು.

ಆದ್ದರಿಂದ ವಾಚಕರು ಮುಂದೊಮ್ಮೆ ಆ ಅಡ್ಡರಸ್ತೆಗೆ ಹೊರಟಾಗ ಮನೆಯನ್ನು ಹತ್ತು ನಿಮಿಷ ಮೊದಲೇ ಬಿಡುವುದು ಲೇಸು. ಹದಿನಾಲ್ಕು ವರ್ಷ ಕಾದು ತೆರೆದ ಬಾಗಿಲದು. ಏಳೂವರೆಯ ಮೇಲೆ ಅದು ಯಾರಿಗಾಗಿಯೂ ಕಾಯುವುದಿಲ್ಲ.